ಕನ್ನಡ ಪೋಸ್ಟರಿಗೆ ದಪ್ಪ ಓರೆ ಅಕ್ಷರ: ಆರಿಸುವುದು ಹೇಗೆ, ತಿದ್ದುವುದು ಹೇಗೆ

ಪಂದ್ಯಾವಳಿಗಳ ಕಾಲ ಬಂತೆಂದರೆ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ‘ಕಬಡ್ಡಿ ಪಂದ್ಯಕ್ಕೆ ಪೋಸ್ಟರ್ ಮಾಡುತ್ತಿದ್ದೇವೆ. ತಂಡದ ಹೆಸರನ್ನು ಇಂಗ್ಲಿಷಿನಲ್ಲಿ ದಪ್ಪವಾಗಿ, ಓರೆಯಾಗಿ ಹಾಕಿದರೆ ಓಡುತ್ತಿರುವಂತೆ ಕಾಣುತ್ತದೆ. ಅದೇ ಹೆಸರನ್ನು ಕನ್ನಡದಲ್ಲಿ ಓರೆ ಮಾಡಿದರೆ ಎಡವಿ ಬಿದ್ದಂತೆ ಕಾಣುತ್ತದೆ. ಯಾವ ಫಾಂಟ್ ಹಾಕಬೇಕು?’

ಫಾಂಟಿನ ಹೆಸರು ಹೇಳಿ ಮುಗಿಸಬಹುದಾದ ಪ್ರಶ್ನೆ ಇದಲ್ಲ. ಇಂಗ್ಲಿಷಿನ ಓರೆ ಅಕ್ಷರ ಚೆನ್ನಾಗಿ ಕಾಣುವುದಕ್ಕೆ ಕಾರಣ ಅದನ್ನು ಯಾರೋ ಒಬ್ಬರು ತಿಂಗಳುಗಟ್ಟಲೆ ಕೂತು ತಿದ್ದಿರುವುದು. ನಮ್ಮ ಕನ್ನಡದ ಸಾಲು ಕೆಟ್ಟದಾಗಿ ಕಾಣುವುದಕ್ಕೆ ಕಾರಣ ಅದನ್ನು ಯಾರೂ ತಿದ್ದದೆ, ಗುಂಡಿ ಒತ್ತಿ ಬಾಗಿಸಿ ಬಿಟ್ಟಿರುವುದು. ಲಿಪಿಯ ತಪ್ಪು ಇದರಲ್ಲಿ ಏನೂ ಇಲ್ಲ. ಒಳ್ಳೆಯ ದಪ್ಪ ನೇರ ಫಾಂಟನ್ನು ಆರಿಸಿಕೊಂಡು, ಒಂದೇ ಒಂದು ಸಾಲನ್ನು ಓರೆ ಮಾಡಿ, ಆ ಸಾಲನ್ನು ಕೈಯಾರೆ ತಿದ್ದಿದರೆ ಕನ್ನಡವೂ ಓಡುತ್ತದೆ. ಅರ್ಧ ಗಂಟೆಯ ಕೆಲಸ. ಅದನ್ನು ಹಂತ ಹಂತವಾಗಿ ಹೇಳುತ್ತೇನೆ.

ಮೊದಲು ನಾಲ್ಕು ಪದಗಳು

ಬೋಲ್ಡ್ ಎಂದರೆ ದಪ್ಪ ಗೆರೆಯ ಅಕ್ಷರ. ಅದಕ್ಕಿಂತ ದಪ್ಪನಾದವುಗಳಿಗೆ ಎಕ್ಸ್‌ಟ್ರಾ ಬೋಲ್ಡ್, ಬ್ಲ್ಯಾಕ್ ಎಂಬ ಹೆಸರುಗಳಿವೆ. ಫಾಂಟಿನ ಪಟ್ಟಿಯಲ್ಲಿ ಇವು 700, 800, 900 ಎಂಬ ಸಂಖ್ಯೆಗಳಾಗಿ ಕಾಣಿಸುತ್ತವೆ. ಸಾಮಾನ್ಯ ದಪ್ಪದ ಸಂಖ್ಯೆ 400.

ಸ್ಯಾನ್ಸ್ ಸೆರಿಫ್ ಎಂದರೆ ಗೆರೆಯ ತುದಿಯಲ್ಲಿ ಪಾದವಾಗಲಿ ಮೊಳೆಯಾಗಲಿ ಇಲ್ಲದ ರೋಮನ್ ಅಕ್ಷರ. ಕನ್ನಡಕ್ಕೆ ಈ ವಿಂಗಡಣೆ ನೇರವಾಗಿ ಒಪ್ಪುವುದಿಲ್ಲ. ನಮ್ಮಲ್ಲಿ ನೋಡಬೇಕಾದದ್ದು ಗೆರೆ ಎಲ್ಲ ಕಡೆ ಒಂದೇ ದಪ್ಪ ಇದೆಯೇ, ಅಥವಾ ಲೇಖನಿಯಲ್ಲಿ ಬರೆದಂತೆ ಒಂದು ಕಡೆ ತೆಳು ಇನ್ನೊಂದು ಕಡೆ ದಪ್ಪ ಇದೆಯೇ ಎಂಬುದನ್ನು. ಈ ಕೆಲಸಕ್ಕೆ ಬೇಕಾದದ್ದು ಒಂದೇ ದಪ್ಪದ ಗೆರೆ.

ಡಿಸ್‌ಪ್ಲೇ ಎಂದರೆ ದೊಡ್ಡದಾಗಿ, ಕೆಲವೇ ಪದಗಳಿಗೆ ಬಳಸಲು ಮಾಡಿದ ಅಕ್ಷರ. ತಲೆಬರಹ, ಫಲಕ, ಜರ್ಸಿ ಇದರ ಜಾಗ. ಪುಟಗಟ್ಟಲೆ ಓದಿಸಲು ಇದನ್ನು ಮಾಡಿರುವುದಿಲ್ಲ.

ಬಲಕ್ಕೆ ವಾಲಿದ ಅಕ್ಷರವನ್ನು ಈಗ ಇಟಾಲಿಕ್ ಎನ್ನುತ್ತಾರೆ. ಆ ಪದದ ಹಿಂದೆ ಒಂದು ಕಥೆಯಿದೆ. 1501ರಲ್ಲಿ ವೆನಿಸ್ ನಗರದ ಮುದ್ರಕ ಆಲ್ಡಸ್ ಮನುಟಿಯಸ್, ಫ್ರಾಂಚೆಸ್ಕೊ ಗ್ರಿಫೊ ಕೆತ್ತಿಕೊಟ್ಟ ಹೊಸ ಅಚ್ಚುಮೊಳೆಗಳಲ್ಲಿ ಚಿಕ್ಕ ಗಾತ್ರದ ಪುಸ್ತಕಗಳನ್ನು ಅಚ್ಚು ಹಾಕಿದ. ಆಗಿನ ವಿದ್ವಾಂಸರ ಕೈಬರಹವೇ ಆ ಮೊಳೆಗಳಿಗೆ ಮಾದರಿ. ಮೂಲದಲ್ಲಿ ಇಟಾಲಿಕ್ ಎಂದರೆ ಬಾಗಿಸಿದ ಅಕ್ಷರವಲ್ಲ, ಬೇರೆಯೇ ಆದ ಬರವಣಿಗೆ. ಸ್ಯಾನ್ಸ್ ಸೆರಿಫ್ ಅಕ್ಷರಗಳು ಅಚ್ಚಿಗೆ ಬಂದದ್ದು ತೀರ ಈಚೆಗೆ, 1816ರ ಹೊತ್ತಿಗೆ ಲಂಡನ್ನಿನಲ್ಲಿ. ಅವುಗಳಲ್ಲಿ ಬಹಳಷ್ಟಕ್ಕೆ ಕೈಬರಹದ ಇಟಾಲಿಕ್ ಇಲ್ಲ. ನೇರ ಅಕ್ಷರವನ್ನೇ ಬಲಕ್ಕೆ ವಾಲಿಸಿ ತಿದ್ದಿರುತ್ತಾರೆ. ಅದಕ್ಕೆ ಆಬ್ಲೀಕ್ ಎನ್ನುತ್ತಾರೆ. 1927ರ ಫ್ಯೂಚುರಾ ಫಾಂಟಿನ ಓರೆ ರೂಪ ಅಂಥದ್ದು. ಹೆಲ್ವೆಟಿಕಾ ಫಾಂಟಿನ ಓರೆ 12 ಡಿಗ್ರಿ.

ಕನ್ನಡದ ಅಚ್ಚಿನಲ್ಲಿ ಇಂಥ ಎರಡನೆಯ ಬರವಣಿಗೆ ಬೆಳೆದು ಬರಲಿಲ್ಲ. ಒತ್ತಿ ಹೇಳಬೇಕಾದರೆ ನಾವು ಅಕ್ಷರವನ್ನು ದಪ್ಪ ಮಾಡಿದೆವು, ಇಲ್ಲವೇ ಉದ್ಧರಣ ಚಿಹ್ನೆ ಹಾಕಿದೆವು. ಆದರೆ ಲಾರಿಯ ಹಿಂಬದಿಯಲ್ಲಿ, ಅಂಗಡಿಯ ಗೋಡೆಯಲ್ಲಿ ಬ್ರಷ್ ಹಿಡಿದು ಬರೆದವರು ಓರೆ ಕನ್ನಡವನ್ನು ಬಹಳ ಸೊಗಸಾಗಿ ಬರೆದಿದ್ದಾರೆ. ಅವರು ಪ್ರತಿ ಅಕ್ಷರವನ್ನೂ ಓರೆಯಾಗಿಯೇ ಕಲ್ಪಿಸಿಕೊಂಡು ಬರೆಯುತ್ತಾರೆ. ಕಂಪ್ಯೂಟರಿನಲ್ಲಿ ನಾವು ತಲುಪಬೇಕಾದದ್ದು ಆ ಮಟ್ಟವನ್ನು.

ಇದರ ಸ್ವಭಾವ, ಇದರ ಜಾಗ

ದಪ್ಪ ಓರೆ ಅಕ್ಷರ ಗಟ್ಟಿ ದನಿಯಲ್ಲಿ, ಅವಸರದಲ್ಲಿ ಮಾತನಾಡುತ್ತದೆ. ದಪ್ಪದಿಂದ ಗಟ್ಟಿತನ, ಓರೆಯಿಂದ ಅವಸರ. ಓಟ, ಕಬಡ್ಡಿ, ಸೈಕಲ್ ಸ್ಪರ್ಧೆ, ಬೈಕ್ ರಿಪೇರಿ ಅಂಗಡಿ, ಕೊರಿಯರ್, ರಿಯಾಯಿತಿ ಮಾರಾಟ, ಜಿಮ್ ಇವುಗಳಿಗೆ ಅದು ಒಪ್ಪುತ್ತದೆ. ಅಮೆರಿಕದ ಕಲಾವಿದೆ ಬಾರ್ಬರಾ ಕ್ರೂಗರ್ ಫ್ಯೂಚುರಾ ಬೋಲ್ಡ್ ಆಬ್ಲೀಕ್ ಅಕ್ಷರಗಳನ್ನು ಕೆಂಪು ಪಟ್ಟಿಯ ಮೇಲೆ ಬಿಳಿಯಾಗಿ ಇಟ್ಟು, ಜಾಹೀರಾತಿನ ದನಿಯಲ್ಲೇ ಜಾಹೀರಾತುಗಳಿಗೆ ಎದುರುತ್ತರ ಕೊಟ್ಟರು. ನಾಲ್ಕಾರು ಪದ, ಒಂದು ಪಟ್ಟಿ, ಅಷ್ಟೇ. ಈ ಅಕ್ಷರದ ಶಕ್ತಿ ಇರುವುದು ಆ ಮಿತಿಯಲ್ಲಿ.

ಎಲ್ಲಿ ಬಳಸಬಾರದು ಎಂಬುದನ್ನು ಇನ್ನೂ ಗಟ್ಟಿಯಾಗಿ ಹೇಳಬೇಕು. ಶ್ರದ್ಧಾಂಜಲಿ ಫಲಕಕ್ಕೆ ದಪ್ಪ ಓರೆ ಅಕ್ಷರ ಹಾಕಿದ್ದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ದುಃಖದ ಮಾತು ಓಡಬಾರದು. ಮದುವೆಯ ಕರೆಯೋಲೆ, ಆಸ್ಪತ್ರೆಯ ದಾರಿಫಲಕ, ಔಷಧಿಯ ವಿವರ, ವಿಳಾಸ, ಫೋನ್ ಸಂಖ್ಯೆ ಇವು ಯಾವುವೂ ಓರೆಯಾಗಬಾರದು. ಜನ ನಿಂತು ಓದಬೇಕಾದದ್ದು ನಿಂತೇ ಇರಲಿ.

ಬೇಕಾದ ಸಾಮಗ್ರಿ

ಕಂಪ್ಯೂಟರ್ ಮತ್ತು ಆಕಾರಗಳನ್ನು ತಿದ್ದಲು ಬರುವ ಒಂದು ತಂತ್ರಾಂಶ. ಕೋರೆಲ್‌ಡ್ರಾ ಅಥವಾ ಇಲ್ಲಸ್ಟ್ರೇಟರ್ ಇದ್ದರೆ ಸರಿ. ಇಲ್ಲದಿದ್ದರೆ ಇಂಕ್‌ಸ್ಕೇಪ್ ಉಚಿತವಾಗಿ ಸಿಗುತ್ತದೆ, ಈ ಕೆಲಸಕ್ಕೆ ಅದು ಧಾರಾಳ ಸಾಕು. ಮೊಬೈಲಿನಲ್ಲಿ ಪೋಸ್ಟರ್ ಮಾಡುವ ಆ್ಯಪ್‌ಗಳಲ್ಲಿ ಓರೆ ಮಾಡಬಹುದು, ಆದರೆ ಅಕ್ಷರದ ಒಳಗೆ ಕೈಹಾಕಿ ತಿದ್ದಲು ಸಾಮಾನ್ಯವಾಗಿ ಆಗುವುದಿಲ್ಲ. ಅದರಿಂದ ಕೊನೆಯ ಕೆಲಸ ಕಂಪ್ಯೂಟರಿನಲ್ಲೇ ಆಗಲಿ.

1. ಪಠ್ಯವನ್ನು ಯೂನಿಕೋಡ್‌ಗೆ ತನ್ನಿ

ಯೂನಿಕೋಡ್ ಎಂದರೆ ಎಲ್ಲ ಕಂಪ್ಯೂಟರುಗಳೂ ಒಪ್ಪಿಕೊಂಡಿರುವ ಅಕ್ಷರ ಸಂಕೇತ. ನುಡಿ, ಬರಹ, ಶ್ರೀಲಿಪಿ ಮೊದಲಾದವುಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಪಠ್ಯ ಬೇರೆ ಸಂಕೇತದಲ್ಲಿರುತ್ತದೆ. ಅದಕ್ಕೆ ಹೊಸ ಫಾಂಟ್ ಹಾಕಿದ ಕೂಡಲೇ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ಗೊಂದಲ ಕಾಣಿಸುತ್ತದೆ. ಫಾಂಟ್ ಹಾಳಾಗಿದೆ ಎಂದು ಬರೆಯುವವರಲ್ಲಿ ಹೆಚ್ಚಿನವರ ತೊಂದರೆ ಇದೇ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಬದಲಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಒಂದೊಂದಾಗಿ ಓದಿ ನೋಡಿ. ತಪ್ಪು ನುಸುಳುವುದು ಅಲ್ಲಿಯೇ.

ಇಲ್ಲಸ್ಟ್ರೇಟರ್ ಸೇರಿದಂತೆ ಅಡೋಬಿ ಕಂಪನಿಯ ತಂತ್ರಾಂಶಗಳಲ್ಲಿ ಇನ್ನೊಂದು ಬಲೆಯಿದೆ. ಯೂನಿಕೋಡ್ ಸರಿಯಾಗಿದ್ದರೂ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ಒಡೆದು ನಿಂತಿರುತ್ತದೆ. ಆಗ ಆಯ್ಕೆಗಳಲ್ಲಿ ಹೋಗಿ ದಕ್ಷಿಣ ಏಷ್ಯಾದ ಭಾಷೆಗಳ ಜೋಡಣೆಯನ್ನು ಆನ್ ಮಾಡಬೇಕು. ಹೊಸ ಆವೃತ್ತಿಗಳಲ್ಲಿ ಅದರ ಹೆಸರು ವರ್ಲ್ಡ್ ರೆಡಿ.

2. ಫಾಂಟ್ ಆರಿಸಿ

ಮುಕ್ತ ಪರವಾನಗಿಯಲ್ಲಿ ಗೂಗಲ್ ಫಾಂಟ್ಸ್‌ನಲ್ಲಿ ಸಿಗುವ ಮೂರನ್ನು ಮೊದಲು ಪರೀಕ್ಷಿಸಿ. ಅನೇಕ್ ಕನ್ನಡ ನನ್ನ ಮೊದಲ ಆಯ್ಕೆ. ಏಕ್ ಟೈಪ್ ಸಂಸ್ಥೆಯದು. ದಪ್ಪ 100ರಿಂದ 800ರವರೆಗೆ, ಅಗಲ 75ರಿಂದ 125ರವರೆಗೆ ಬೇಕಾದಂತೆ ಬದಲಿಸಬಹುದು. ಉದ್ದ ಹೆಸರಿಗೆ ಕಿರಿದಾದ ರೂಪ, ಚಿಕ್ಕ ಹೆಸರಿಗೆ ಹರವಾದ ರೂಪ ಒಂದೇ ಫಾಂಟಿನಲ್ಲಿ ಸಿಗುತ್ತವೆ. ಅದೇ ಸಂಸ್ಥೆಯ ಬಲೂ ತಮ್ಮ 2 ಎಂಬುದರ ಮೂಲೆಗಳು ಮೃದು, ಮೈ ತುಂಬಿಕೊಂಡಿದೆ. ಮಕ್ಕಳ ಕ್ರೀಡಾಕೂಟಕ್ಕೆ ಚೆಂದ, ಕಬಡ್ಡಿಗೆ ಸ್ವಲ್ಪ ಮುದ್ದಾಯಿತು ಎನ್ನಿಸುತ್ತದೆ. ನೋಟೊ ಸ್ಯಾನ್ಸ್ ಕನ್ನಡ 900ರವರೆಗೆ ದಪ್ಪವಾಗುತ್ತದೆ. ಗಂಭೀರ ಸ್ವಭಾವದ್ದು, ನಂಬಬಹುದಾದದ್ದು.

ಮುಕ್ತ ಪರವಾನಗಿ ಎಂದರೆ ಹಣ ಕೊಡದೆ, ವ್ಯಾಪಾರದ ಕೆಲಸಕ್ಕೂ ಬಳಸಬಹುದು, ತಿದ್ದಬಹುದು, ಆದರೆ ಫಾಂಟನ್ನೇ ಒಂದು ಸರಕಾಗಿ ಮಾರುವಂತಿಲ್ಲ ಎಂದು ಅರ್ಥ. ಯಾವುದೋ ಸಿನಿಮಾದ ಶೀರ್ಷಿಕೆಯ ಅಕ್ಷರಗಳನ್ನು ಕತ್ತರಿಸಿ ತಂದು ನಿಮ್ಮ ತಂಡದ ಹೆಸರು ಕಟ್ಟಬೇಡಿ. ಅವು ಬೇರೊಬ್ಬರ ದುಡಿಮೆ.

ಫಾಂಟ್ ಪರೀಕ್ಷಿಸಲು ‘ಫೈನಲ್’ ಎಂಬ ಪದ ಸಾಕು. ಅದನ್ನು 800ರ ದಪ್ಪದಲ್ಲಿ ಟೈಪ್ ಮಾಡಿ, ಪರದೆಯಿಂದ ಆರು ಹೆಜ್ಜೆ ಹಿಂದೆ ಸರಿದು ನೋಡಿ. ಪ ಮತ್ತು ಫ ನಡುವಿನ ವ್ಯತ್ಯಾಸ ಇರುವುದು ಕೆಳಗಿನ ಒಂದು ಚಿಕ್ಕ ಗೀಟಿನಲ್ಲಿ. ದಪ್ಪ ಹೆಚ್ಚಾದಂತೆ ಆ ಗೀಟಿನ ಅಕ್ಕಪಕ್ಕದ ಬಿಳಿ ಮುಚ್ಚಿಕೊಳ್ಳುತ್ತದೆ. ಮುಚ್ಚಿತೆಂದರೆ ಫೈನಲ್ ಹೋಗಿ ಪೈನಲ್ ಆಗುತ್ತದೆ. ದ ಧ, ಡ ಢ, ಬ ಭ ಜೋಡಿಗಳಿಗೂ ಇದೇ ಅಪಾಯ. ಹಾಗೆ ಕಂಡರೆ ಒಂದು ಹೆಜ್ಜೆ ಇಳಿದು 700 ಬಳಸಿ. ದಪ್ಪ ಇನ್ನೂ ಬೇಕೆಂದು ಅಕ್ಷರದ ಸುತ್ತ ಅದೇ ಬಣ್ಣದ ಗೆರೆ ಎಳೆಯಬೇಡಿ. ಆ ಗೆರೆ ಒಳಗಿನ ಬಿಳಿಯನ್ನೂ ತಿನ್ನುತ್ತದೆ.

3. ಯಾವ ಸಾಲು ಓರೆ ಎಂದು ತೀರ್ಮಾನಿಸಿ

ಒಂದೇ ಸಾಲು. ಹೆಚ್ಚೆಂದರೆ ನಾಲ್ಕು ಪದ. ತಂಡದ ಹೆಸರೋ ಪಂದ್ಯದ ಹೆಸರೋ, ಯಾವುದು ಮುಖ್ಯವೋ ಅದು. ದಿನಾಂಕ, ಸ್ಥಳ, ಬಹುಮಾನದ ಮೊತ್ತ, ಸಂಘಟಕರ ಹೆಸರು ಎಲ್ಲವೂ ನೇರ. ಎಲ್ಲವನ್ನೂ ಓರೆ ಮಾಡಿದರೆ ಕಣ್ಣು ಆ ಓರೆಗೆ ಹೊಂದಿಕೊಂಡುಬಿಡುತ್ತದೆ, ವೇಗ ಕಾಣುವುದೇ ಇಲ್ಲ. ಪಕ್ಕದಲ್ಲಿ ನಿಂತಿರುವುದು ಇದ್ದರೆ ತಾನೇ ಓಡುವುದು ಗೊತ್ತಾಗುವುದು?

4. ಅಕ್ಷರವನ್ನು ಆಕಾರವಾಗಿ ಬದಲಿಸಿ, ಬೆಸೆಯಿರಿ

ಮೊದಲು ಕಡತದ ಒಂದು ಪ್ರತಿಯನ್ನು ಪಠ್ಯರೂಪದಲ್ಲೇ ಉಳಿಸಿಕೊಳ್ಳಿ. ಆಮೇಲೆ ಕಾಗುಣಿತ ತಪ್ಪು ಕಂಡರೆ ಅದೇ ಗತಿ. ನಂತರ ಅಕ್ಷರಗಳನ್ನು ಆಕಾರಗಳನ್ನಾಗಿ ಬದಲಿಸಿ. ಕೋರೆಲ್‌ಡ್ರಾದಲ್ಲಿ ಕಂಟ್ರೋಲ್ ಮತ್ತು ಕ್ಯೂ, ಇಲ್ಲಸ್ಟ್ರೇಟರಿನಲ್ಲಿ ಕಂಟ್ರೋಲ್ ಶಿಫ್ಟ್ ಓ, ಇಂಕ್‌ಸ್ಕೇಪಿನಲ್ಲಿ ಕಂಟ್ರೋಲ್ ಶಿಫ್ಟ್ ಸಿ.

ಈಗ ಬಹಳ ಜನ ಬಿಟ್ಟುಬಿಡುವ ಕೆಲಸ: ಬೆಸೆಯುವುದು. ದಪ್ಪ, ಅಗಲ ಬದಲಾಗುವ ಫಾಂಟುಗಳಲ್ಲಿ ಒಂದು ಅಕ್ಷರವನ್ನು ಒಂದರ ಮೇಲೊಂದು ಬಿದ್ದ ತುಂಡುಗಳಿಂದ ಕಟ್ಟಿರುವುದುಂಟು. ಕಪ್ಪು ತುಂಬಿದಾಗ ಅದು ಕಾಣುವುದಿಲ್ಲ. ಸುತ್ತಲೂ ಬಣ್ಣದ ಗೆರೆ ಎಳೆದ ಕೂಡಲೇ ಅಕ್ಷರದ ಹೊಟ್ಟೆಯೊಳಗೆ ಅಡ್ಡಗೆರೆಗಳು ಏಳುತ್ತವೆ. ಜರ್ಸಿಗೆ ಅಂಟಿಸುವ ವಿನೈಲ್ ಎಂಬ ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸುವ ಯಂತ್ರಕ್ಕೆ ಕೊಟ್ಟರೆ ಇನ್ನೂ ಅನಾಹುತ. ಯಂತ್ರ ಆ ಒಳಗೆರೆಗಳ ಮೇಲೂ ಚಾಕು ಓಡಿಸುತ್ತದೆ, ಹಾಳೆ ಎತ್ತಿದಾಗ ಅಕ್ಷರ ಚೂರು ಚೂರಾಗಿ ಬರುತ್ತದೆ. ಹನ್ನೆರಡು ಜರ್ಸಿಗಳ ಹೆಸರನ್ನು ಹೀಗೆ ಕಳೆದುಕೊಂಡ ಮೇಲೆ ನಾನು ಈ ಹಂತವನ್ನು ಮರೆತಿಲ್ಲ. ಎಲ್ಲ ತುಂಡುಗಳನ್ನು ಆರಿಸಿ ಕೋರೆಲ್‌ಡ್ರಾದಲ್ಲಿ ವೆಲ್ಡ್, ಉಳಿದವುಗಳಲ್ಲಿ ಯೂನಿಯನ್ ಅಥವಾ ಯುನೈಟ್ ಒತ್ತಿ.

5. ಓರೆ ಮಾಡಿ, ಸಂಖ್ಯೆ ಕೊಟ್ಟು

ಸ್ಕ್ಯೂ ಎಂಬ ಆಜ್ಞೆ ಅಕ್ಷರದ ಎತ್ತರವನ್ನು ಹಾಗೇ ಇಟ್ಟುಕೊಂಡು ಮೇಲ್ಭಾಗವನ್ನು ಪಕ್ಕಕ್ಕೆ ತಳ್ಳುತ್ತದೆ. ಇಂಕ್‌ಸ್ಕೇಪಿನಲ್ಲಿ ಕಂಟ್ರೋಲ್ ಶಿಫ್ಟ್ ಎಂ ಒತ್ತಿದರೆ ಅದರ ಕಿಟಕಿ ತೆರೆಯುತ್ತದೆ. ಅಡ್ಡ ದಿಕ್ಕಿನಲ್ಲಿ 10ರಿಂದ 12 ಡಿಗ್ರಿ ಕೊಡಿ. ಅಕ್ಷರ ಎಡಕ್ಕೆ ವಾಲಿದರೆ ಸಂಖ್ಯೆಯ ಮುಂದೆ ಋಣ ಚಿಹ್ನೆ ಹಾಕಿ. ಮೌಸ್ ಹಿಡಿದು ಎಳೆಯಬೇಡಿ. ಎಳೆದರೆ ಎಷ್ಟು ಡಿಗ್ರಿ ಆಯಿತೆಂದು ನಿಮಗೇ ತಿಳಿಯುವುದಿಲ್ಲ, ಮುಂದಿನ ಸಲ ಅದೇ ಓರೆ ಬರುವುದಿಲ್ಲ.

ಓರೆ ಮಾಡುವುದು ಬೇರೆ, ತಿರುಗಿಸುವುದು ಬೇರೆ. ಸಾಲನ್ನು ಮೇಲಕ್ಕೇರುವಂತೆ ತಿರುಗಿಸಬೇಕೆಂದಿದ್ದರೆ ಮೊದಲು ಓರೆ ಮಾಡಿ, ತಿದ್ದಿ, ಎಲ್ಲ ಮುಗಿದ ಮೇಲೆ ತಿರುಗಿಸಿ.

12 ಡಿಗ್ರಿ ಕೊಟ್ಟ ಕೂಡಲೇ ನಿಮಗೆ ‘ಇನ್ನೂ ಸಾಲದು’ ಎನ್ನಿಸುತ್ತದೆ. ಹೆಚ್ಚಿನವರು ತಪ್ಪು ಮಾಡುವುದು ಇಲ್ಲಿ, 25 ಡಿಗ್ರಿಗೆ ಏರಿಸಿಬಿಡುತ್ತಾರೆ. ಸಾಲದು ಎನ್ನಿಸಲು ಕಾರಣವಿದೆ. ಇಂಗ್ಲಿಷಿನ ಎಚ್, ಎನ್, ಐ ಅಕ್ಷರಗಳಲ್ಲಿ ನೆಟ್ಟನೆಯ ಕಂಬಗಳಿವೆ. ಕಂಬ ವಾಲಿದರೆ ತಟ್ಟನೆ ಕಾಣುತ್ತದೆ. ಕನ್ನಡ ದುಂಡು ಲಿಪಿ. ದುಂಡನೆಯದು ವಾಲಿದರೆ ವಾಲಿದೆ ಎಂದು ತೋರಿಸಲು ಕಂಬವೇ ಇಲ್ಲ. ಅದರಿಂದ ಎರಡಕ್ಕೂ ಅಷ್ಟೇ ಡಿಗ್ರಿ ಕೊಟ್ಟರೂ ಇಂಗ್ಲಿಷ್ ಹೆಚ್ಚು ಓರೆಯಾಗಿಯೂ ಕನ್ನಡ ಕಡಿಮೆ ಓರೆಯಾಗಿಯೂ ಕಾಣುತ್ತದೆ.

ಉಪಾಯ ಇಷ್ಟೇ. ಕೊರತೆಯಿರುವ ಕಂಬವನ್ನು ಹೊರಗಿನಿಂದ ತಂದುಕೊಡಿ. ಅಕ್ಷರಗಳ ಹಿಂದೆ ಒಂದು ಬಣ್ಣದ ಪಟ್ಟಿ ಇಟ್ಟು, ಅದರ ಎರಡೂ ತುದಿಗಳನ್ನು ಅದೇ 12 ಡಿಗ್ರಿಗೆ ಓರೆಯಾಗಿ ಕತ್ತರಿಸಿ. ಅಥವಾ ಸಾಲಿನ ಎಡಕ್ಕೆ ಎರಡು ಮೂರು ಓರೆ ಗೀಟುಗಳನ್ನು ನಿಲ್ಲಿಸಿ. ಕಣ್ಣಿಗೆ ಅಳತೆಗೋಲು ಸಿಗುತ್ತದೆ, ಅಕ್ಷರಗಳು ತಾವಾಗಿಯೇ ಹೆಚ್ಚು ವಾಲಿದಂತೆ ಕಾಣುತ್ತವೆ. ಈ ಒಂದು ಕೆಲಸದಿಂದ ಆಗುವ ಬದಲಾವಣೆ 25 ಡಿಗ್ರಿ ಓರೆಯಿಂದಲೂ ಆಗುವುದಿಲ್ಲ.

6. ತಿದ್ದಿ

ಇಡೀ ಕೆಲಸದ ಜೀವಾಳ ಇದು. ಎರಡು ದೋಷಗಳನ್ನು ತಿದ್ದಬೇಕು.

ಮೊದಲನೆಯದು ಗೆರೆಯ ದಪ್ಪ. ‘ಪಂದ್ಯ’ದ ಸೊನ್ನೆಯನ್ನು ಪರದೆಯ ತುಂಬ ದೊಡ್ಡದು ಮಾಡಿ ನೋಡಿ. ಓರೆ ಮಾಡುವ ಮೊದಲು ಅದೊಂದು ಬಳೆ, ಸುತ್ತಲೂ ಗೆರೆ 10 ಮಿಲಿಮೀಟರ್ ಇತ್ತು ಎನ್ನಿ. 12 ಡಿಗ್ರಿ ಓರೆ ಮಾಡಿದ ಮೇಲೆ ಬಲ ಮೇಲಿನ ಮೂಲೆಯಲ್ಲೂ ಎಡ ಕೆಳಗಿನ ಮೂಲೆಯಲ್ಲೂ ಅದು ಸುಮಾರು 11 ಮಿಲಿಮೀಟರ್ ಆಗುತ್ತದೆ. ಎಡ ಮೇಲೆ ಮತ್ತು ಬಲ ಕೆಳಗೆ 9ಕ್ಕೆ ಇಳಿಯುತ್ತದೆ. 25 ಡಿಗ್ರಿಗೆ ಹೋದರೆ ಒಂದು ಕಡೆ 12.6, ಇನ್ನೊಂದು ಕಡೆ 7.9. ಇಂಗ್ಲಿಷಿನ ಕಂಬಕ್ಕೆ ಈ ತೊಂದರೆ ಇಲ್ಲ. 10 ಮಿಲಿಮೀಟರ್ ಕಂಬ 12 ಡಿಗ್ರಿಯಲ್ಲಿ 9.8 ಆಗುತ್ತದೆ, ಅಷ್ಟೇ. ಎಡವಿ ಬಿದ್ದಂತೆ ಕಾಣುತ್ತದೆ ಎಂದು ನೀವು ಬರೆದದ್ದು ಇದನ್ನೇ. ದುಂಡು ಹೆಚ್ಚಿರುವ ಲಿಪಿಗೆ ಪೆಟ್ಟೂ ಹೆಚ್ಚು.

ಸೊನ್ನೆಯನ್ನು ತಿದ್ದುವುದು ಸುಲಭ. ಆಕಾರವನ್ನು ಒಡೆದು ಒಳಗಿನ ಬಿಳಿ ಬಳೆಯನ್ನು ಮಾತ್ರ ಆರಿಸಿಕೊಳ್ಳಿ. ಅದನ್ನು ಅದರ ನಡುವಿನಿಂದಲೇ ಇನ್ನೂ 4ರಿಂದ 5 ಡಿಗ್ರಿ ಅದೇ ದಿಕ್ಕಿಗೆ ಓರೆ ಮಾಡಿ. ಒಳಬಿಳಿ ದಪ್ಪವಿದ್ದ ಮೂಲೆಗಳ ಕಡೆ ಚಾಚಿಕೊಳ್ಳುತ್ತದೆ, ತೆಳುವಿದ್ದ ಕಡೆ ಹಿಂದೆ ಸರಿಯುತ್ತದೆ. ಗೆರೆ ಮತ್ತೆ ಒಂದೇ ದಪ್ಪಕ್ಕೆ ಬರುತ್ತದೆ. ಮುಗಿದ ಮೇಲೆ ಎರಡನ್ನೂ ಮತ್ತೆ ಕೂಡಿಸಿ. ಒಳಗೆ ಮುಚ್ಚಿದ ಬಿಳಿ ಇರುವ ಎಲ್ಲ ಅಕ್ಷರಗಳಿಗೂ ಈ ಉಪಾಯ ನಡೆಯುತ್ತದೆ. ಬಾಯಿ ತೆರೆದಿರುವ ಅಕ್ಷರಗಳಲ್ಲಿ ಒಳಗೆರೆಯ ಬಿಂದುಗಳನ್ನು ಒಂದೊಂದಾಗಿ ಹಿಡಿದು ಸರಿಸಬೇಕಾಗುತ್ತದೆ. ಒಂದು ಹೆಸರಿನಲ್ಲಿ ಇರುವುದು ಐದಾರು ಅಕ್ಷರ. ಬೇಸರ ಪಟ್ಟುಕೊಳ್ಳಬೇಡಿ.

ಎರಡನೆಯದು ಒತ್ತಕ್ಷರ. ‘ಕಬಡ್ಡಿ’ ಎಂಬ ಪದವನ್ನು, ಒತ್ತು ಗುಡಿಸು ಬಿಟ್ಟು ಅಕ್ಷರದ ಮೈ 8 ಸೆಂಟಿಮೀಟರ್ ಎತ್ತರ ಇರುವಂತೆ ಬರೆದಿದ್ದೀರಿ ಎನ್ನಿ. ಡಿ ಅಕ್ಷರದ ಗುಡಿಸು ತಳಗೆರೆಯಿಂದ 10 ಸೆಂಟಿಮೀಟರ್ ಮೇಲಿದೆ, ಕೆಳಗಿನ ಡ ಒತ್ತಿನ ನಡು 4 ಸೆಂಟಿಮೀಟರ್ ಕೆಳಗಿದೆ. ತಳಗೆರೆ ಎಂದರೆ ಅಕ್ಷರಗಳು ಕೂರುವ ಸಾಲು. 12 ಡಿಗ್ರಿ ಓರೆ ಮಾಡಿದಾಗ ಗುಡಿಸು 2.1 ಸೆಂಟಿಮೀಟರ್ ಬಲಕ್ಕೆ ಹೋಗುತ್ತದೆ, ಒತ್ತು 0.85 ಸೆಂಟಿಮೀಟರ್ ಎಡಕ್ಕೆ ಹೋಗುತ್ತದೆ. ತಲೆ ಮುಂದೆ, ಕಾಲು ಹಿಂದೆ, ನಡುವೆ 3 ಸೆಂಟಿಮೀಟರ್ ಅಂತರ. ಒತ್ತು ಅಕ್ಷರಕ್ಕೆ ಜೋತುಬಿದ್ದು ಹಿಂದೆಳೆಯುತ್ತಿರುವಂತೆ ಕಾಣುತ್ತದೆ.

ಒತ್ತಕ್ಷರವನ್ನು ಬೇರ್ಪಡಿಸಿ, ಜಾರಿದ್ದರಲ್ಲಿ ಅರ್ಧದಷ್ಟು ದೂರ ಬಲಕ್ಕೆ ತನ್ನಿ. ಪೂರ್ತಿ ತರಬೇಡಿ, ಆಗ ಅದು ಬೇರೆ ಅಕ್ಷರದ ಒತ್ತಿನಂತೆ ಕಾಣುತ್ತದೆ. ಜೊತೆಗೆ ಒಂದು ಚೂರು ಮೇಲಕ್ಕೂ ಎತ್ತಿ, ಮೇಲಿನ ಅಕ್ಷರಕ್ಕೆ ತಾಗದಷ್ಟು. ಬಲಗಡೆ ಮುಂದಿನ ಅಕ್ಷರದ ಒತ್ತಿಗೆ ತಗುಲದಂತೆ ನೋಡಿಕೊಳ್ಳಿ. ‘ರಾಷ್ಟ್ರ’ದಂಥ ಪದದಲ್ಲಿ ಎರಡು ಒತ್ತುಗಳು ಸೇರಿರುತ್ತವೆ. ಅವೆರಡನ್ನೂ ಒಂದೇ ತುಂಡು ಎಂದು ಭಾವಿಸಿ ಒಟ್ಟಿಗೆ ಸರಿಸಿ.

ಸಾಲಿನ ಎರಡು ತುದಿಗಳನ್ನೂ ಗಮನಿಸಿ. ಮೊದಲ ಅಕ್ಷರಕ್ಕೆ ಒತ್ತು ಇದ್ದರೆ ಅದು ಎಡ ಅಂಚಿನಿಂದ ಹೊರಗೆ ಚಾಚುತ್ತದೆ. ಕೊನೆಯ ಅಕ್ಷರದ ತಲೆಕಟ್ಟು ಬಲ ಅಂಚಿನಿಂದ ಹೊರಗೆ ಚಾಚುತ್ತದೆ. ತಂತ್ರಾಂಶ ‘ನಡುವೆ ಇಡು’ ಎಂದಾಗ ಈ ಬಾಲಗಳನ್ನೂ ಲೆಕ್ಕ ಹಾಕುತ್ತದೆ, ಸಾಲು ಒಂದು ಕಡೆಗೆ ಸರಿದಂತೆ ಕಾಣುತ್ತದೆ. ನಡುವನ್ನು ಕಣ್ಣಳತೆಯಲ್ಲೇ ಇಡಿ.

7. ಇಂಗ್ಲಿಷ್ ಸಾಲು ಜೊತೆಗಿದ್ದರೆ

ಇಂಗ್ಲಿಷಿಗೆ ನಿಜವಾದ ದಪ್ಪ ಓರೆ ರೂಪ ಇರುವ ಫಾಂಟನ್ನೇ ಬಳಸಿ. ಬಾರ್ಲೊ ಕಂಡೆನ್ಸ್‌ಡ್, ಮಾಂಟ್ಸೆರಾಟ್ ಎರಡೂ ಮುಕ್ತ ಪರವಾನಗಿಯವು, ಎರಡಕ್ಕೂ ಇಟಾಲಿಕ್ ಇದೆ. ಕಿರಿದಾದ ಅನೇಕ್ ಜೊತೆಗೆ ಬಾರ್ಲೊ, ಹರವಾದ ಅನೇಕ್ ಜೊತೆಗೆ ಮಾಂಟ್ಸೆರಾಟ್ ನನಗೆ ಸರಿಹೊಂದಿವೆ. ಮೊದಲೇ ಓರೆ ಇರುವ ಫಾಂಟನ್ನು ಮತ್ತೆ ಸ್ಕ್ಯೂ ಮಾಡಬೇಡಿ.

ಎರಡು ಲಿಪಿಗಳ ಓರೆ ಒಂದೇ ಆಗಿರಬೇಕು. ಇಂಗ್ಲಿಷಿನ ಐ ಅಕ್ಷರದ ಕಂಬದ ಮೇಲೆ ಒಂದು ಗೆರೆ ಎಳೆದು ಅದರ ಕೋನ ಅಳೆಯಿರಿ. ಅದೇ ಸಂಖ್ಯೆಯನ್ನು ಕನ್ನಡಕ್ಕೆ ಕೊಡಿ. ಒಂದೆರಡು ಡಿಗ್ರಿಯ ವ್ಯತ್ಯಾಸವಿದ್ದರೂ ಎರಡು ಸಾಲುಗಳು ಒಂದಕ್ಕೊಂದು ಮುನಿಸಿಕೊಂಡಂತೆ ಕಾಣುತ್ತವೆ.

ಗಾತ್ರದ ವಿಷಯದಲ್ಲಿ ಪಾಯಿಂಟ್ ಸಂಖ್ಯೆಯನ್ನು ನಂಬಬೇಡಿ. ಇಂಗ್ಲಿಷ್ ದೊಡ್ಡಕ್ಷರಗಳು ಸಾಮಾನ್ಯವಾಗಿ ತಳಗೆರೆಯಿಂದ ಕೆಳಗಿಳಿಯುವುದಿಲ್ಲ, ಕನ್ನಡಕ್ಕೆ ಮೇಲೂ ಕೆಳಗೂ ಜಾಗ ಬೇಕು. ಒಂದೇ ಪಾಯಿಂಟ್ ಕೊಟ್ಟರೆ ಕನ್ನಡ ಸೊರಗಿದಂತೆ ಕಾಣುತ್ತದೆ. ಒತ್ತು, ಗುಡಿಸು ಬಿಟ್ಟು ಅಕ್ಷರದ ಮೈಯನ್ನು ಮಾತ್ರ ಅಳೆದು, ಅದು ಇಂಗ್ಲಿಷ್ ದೊಡ್ಡಕ್ಷರಕ್ಕೆ ಸಮನಾಗುವವರೆಗೆ ಕನ್ನಡವನ್ನು ಬೆಳೆಸಿ. ನಿಮ್ಮದು ಪೋಸ್ಟರಲ್ಲ, ಕರ್ನಾಟಕದಲ್ಲಿರುವ ಅಂಗಡಿಯ ನಾಮಫಲಕ ಎಂದಾದರೆ ಕಾನೂನೂ ಇದೆ. 2024ರ ತಿದ್ದುಪಡಿಯಂತೆ ಫಲಕದ ಶೇ 60ರಷ್ಟು ಕನ್ನಡವಿರಬೇಕು, ಅದು ಮೇಲ್ಭಾಗದಲ್ಲಿರಬೇಕು.

8. ಬಣ್ಣ, ಅಂಚು, ನೆರಳು

ಇದಕ್ಕೆ ಹೆಚ್ಚು ಮಾತು ಬೇಡ. ಕಡು ಹಿನ್ನೆಲೆಯ ಮೇಲೆ ತಿಳಿ ಅಕ್ಷರ, ಅಥವಾ ತಿಳಿ ಹಿನ್ನೆಲೆಯ ಮೇಲೆ ಕಡು ಅಕ್ಷರ. ಹೊರ ಅಂಚಿಗೆ ಬೇರೆ ಬಣ್ಣದ ಗೆರೆ ಬೇಕಾದರೆ ಅದು ಹೊರಗಡೆಗೆ ಮಾತ್ರ ಬೆಳೆಯುವಂತೆ ಇಡಿ, ಅಥವಾ ಗೆರೆ ಎಳೆದ ಪ್ರತಿಯನ್ನು ಹಿಂದಿಟ್ಟು ಗೆರೆಯಿಲ್ಲದ ಪ್ರತಿಯನ್ನು ಮುಂದಿಡಿ. ನೆರಳು ಹಾಕುವುದಾದರೆ ಎಡ ಕೆಳಗೆ ಬೀಳಲಿ. ಅಕ್ಷರ ಬಲಕ್ಕೆ ಓಡುವಾಗ ನೆರಳು ಹಿಂದೆ ಉಳಿಯಬೇಕು. ಉಬ್ಬು, ಲೋಹದ ಹೊಳಪು, ಬೆಂಕಿ ಇವನ್ನೆಲ್ಲ ಬಿಟ್ಟುಬಿಡಿ. ಒತ್ತಕ್ಷರದ ಚಿಕ್ಕ ಬಿಳಿಗಳು ಅವುಗಳಲ್ಲಿ ಮುಳುಗಿ ಹೋಗುತ್ತವೆ.

9. ಗಾತ್ರ ನಿರ್ಧರಿಸಿ, ಅಚ್ಚಿಗೆ ಕೊಡಿ

ಫಲಕ ಬರೆಯುವವರ ಹಳೆಯ ಲೆಕ್ಕವೊಂದಿದೆ: ಸರಾಗವಾಗಿ ಓದಲು ಪ್ರತಿ 10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ. ಇದು ಇಂಗ್ಲಿಷ್ ದೊಡ್ಡಕ್ಷರಗಳ ಲೆಕ್ಕ. ಕನ್ನಡಕ್ಕೆ ನಾನು ಒಂದೂವರೆ ಇಂಚು ಹಿಡಿಯುತ್ತೇನೆ, ಅದೂ ಒತ್ತು ಬಿಟ್ಟು ಮೈಯ ಅಳತೆ. ರಸ್ತೆಯಾಚೆ 40 ಅಡಿ ದೂರದಿಂದ ಓದಬೇಕಾದರೆ 6 ಇಂಚು.

ಬ್ಯಾನರ್ ಮಾಡಿಸುವುದಾದರೆ ಬಟ್ಟೆಯನ್ನೇ ಕೇಳಿ. 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರುಗಳಿಗೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಿದೆ. ಬಟ್ಟೆಯಲ್ಲಿ ಶಾಯಿ ಸ್ವಲ್ಪ ಹರಡುತ್ತದೆ. ಅದರಿಂದ ಅಕ್ಷರದೊಳಗಿನ ಬಿಳಿಗಳನ್ನು ಪರದೆಯಲ್ಲಿ ಕಾಣುವುದಕ್ಕಿಂತ ಒಂದು ಕೂದಲೆಳೆ ಹೆಚ್ಚಾಗಿಯೇ ತೆರೆದಿಡಿ. ಫ ಅಕ್ಷರದ ಗೀಟಿನ ಅಕ್ಕಪಕ್ಕ, ಜ್ಞ ಮತ್ತು ಕ್ಷ ಅಕ್ಷರಗಳ ಒಳಗಣ್ಣು, ಒತ್ತಕ್ಷರಗಳ ಬಿಳಿ ಇವನ್ನು ವಿಶೇಷವಾಗಿ ನೋಡಿ.

ಅಚ್ಚಿನವರಿಗೆ ಆಕಾರವಾಗಿ ಬದಲಿಸಿದ ಕಡತವನ್ನೇ ಪಿಡಿಎಫ್ ಮಾಡಿ ಕೊಡಿ. ಪಠ್ಯರೂಪದ ಕಡತ ಕೊಟ್ಟರೆ ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದೆ ಬೇರೊಂದು ಕೂತುಬಿಡುತ್ತದೆ, ನೀವು ತಿದ್ದಿದ್ದೆಲ್ಲ ನೀರಿಗೆ. ಅದಕ್ಕೂ ಮೊದಲು ಓರೆ ಸಾಲನ್ನು ಮಾತ್ರ ಒಂದು ಎ4 ಹಾಳೆಯಲ್ಲಿ ಮುದ್ರಿಸಿ ಗೋಡೆಗೆ ಅಂಟಿಸಿ, ಈ ಕೆಲಸದಲ್ಲಿ ಭಾಗಿಯಾಗದ ಮನೆಯವರೊಬ್ಬರನ್ನು ಕೋಣೆಯ ಇನ್ನೊಂದು ತುದಿಯಲ್ಲಿ ನಿಲ್ಲಿಸಿ ಗಟ್ಟಿಯಾಗಿ ಓದಿಸಿ. ಅವರು ತಡವರಿಸಿದ ಅಕ್ಷರ ಯಾವುದೆಂದು ಪೆನ್ಸಿಲಿನಲ್ಲಿ ಗುರುತು ಹಾಕಿ, ಆ ಒಂದು ಅಕ್ಷರಕ್ಕಾಗಿ ಮತ್ತೆ ಆರನೆಯ ಹಂತಕ್ಕೆ ಹೋಗಿ.